ಬರಿಯ ಹಣೆ

ಜನವರಿ 15, ಬುಧವಾರ

"ಸಭೆಗೆ ವಂದನೆಗಳು. ನಮ್ಮನ್ನು ಕೈಹಿಡಿದು ನಡೆಸಿದ ಹಿರಿಯರಿಗೆ ಕೃತಜ್ಞತೆಗಳು..." ಹಲ್ಲುಜ್ಜುತ್ತ ಮತ್ತೆ ಹೇಳಿಕೊಂಡೆ. ಇಪ್ಪತ್ತಾರಕ್ಕೆ ಔರಾದದಲ್ಲಿ ನಮ್ಮ ಚರ್ಚಿನ ಯೌವನಸ್ಥರ ಸಮಾವೇಶ. ನನ್ನ ವಿಷಯ ಪ್ರೀತಿ. ಈ ಮಕ್ಕಳಿಗೆ ಹಾಡು, ವಾಕ್ಯ ಕಲಿಸುತ್ತಲೇ ಕೂದಲು ನರೆತವನಿಗೆ ಇದು ಕಷ್ಟವಾಗಬಾರದು. ಆದರೂ ಕೃತಜ್ಞತೆಯ ಮುಂದಿನ ಸಾಲು ಹೊಳೆಯುತ್ತಿಲ್ಲ.

ಸಂಜೆ ಮೈಲೂರಿಗೆ ಹೋಗಿದ್ದೆ. ಆನಂದಮ್ಮ ದಿಂಬಿನಿಂದ ತಲೆ ಎತ್ತಲಾರರು. ಅರ್ಧ ಸಭೆಯ ಮಕ್ಕಳನ್ನು ಭೂಮಿಗೆ ಇಳಿಸಿಕೊಂಡ ನರ್ಸಮ್ಮ! ಮಗಳು ಜಾಯ್ಸ ಭಾಲ್ಕಿಯಿಂದ ದಿನ ಬಿಟ್ಟು ದಿನ ಬರುತ್ತಾಳೆ. ನನ್ನ ಕೈಯಲ್ಲೇ ಹಾಡು ಕಲಿತ ಹುಡುಗಿ. ಹೋದ ವರ್ಷ ಹಿಂದೂ ಹುಡುಗ ಅತುಲನನ್ನು ರಿಜಿಸ್ಟರ್ ಮದುವೆಯಾದಳು. ಅತ್ತೆಮನೆಯ ರೀತಿಯಂತೆ ಹಣೆಗೆ ಕುಂಕುಮ. ಅಂದಿನಿಂದ ಬುಧವಾರದ ಮನೆಪ್ರಾರ್ಥನೆಯ ಸರದಿ ಈ ಮನೆಯನ್ನು ದಾಟಿ ಹೋಗುತ್ತಿದೆ. ಯಾರೂ ಬೇಡವೆನ್ನಲಿಲ್ಲ. ಯಾರೂ ಬರಲಿಲ್ಲ, ಅಷ್ಟೆ.

ಆನಂದಮ್ಮ ಕೇಳಿದ್ದು ಒಂದೇ. "ಕರ್ತನ ಭೋಜನ ತಗೊಂಡ ಕಣ್ಣ ಮುಚ್ಚಬೇಕ್ರಿ, ಸರ್. ಮಗಳು ಬಾಜೂಕ ಇರಬೇಕು."

ಜನವರಿ 17, ಶುಕ್ರವಾರ

ಪಾಸ್ಟರ್, ಹಿರಿಯರಾದ ಸುಂದರರಾಜರು, ಕರ್ತನ ಭೋಜನದ ರೊಟ್ಟಿ-ದ್ರಾಕ್ಷಾರಸದ ಪೆಟ್ಟಿಗೆ ಹಿಡಿದು ನಾನು. ಜಾಯ್ಸ ತಾಯಿಯ ಬೆನ್ನನ್ನು ತನ್ನ ಎದೆಗೆ ಒರಗಿಸಿಕೊಂಡು ಕುಳಿತಿದ್ದಳು. ಹಾಗೆ ಹಿಡಿಯದಿದ್ದರೆ ಆನಂದಮ್ಮನಿಗೆ ನುಂಗಲಾಗುವುದಿಲ್ಲ.

"ಜಾಯ್ಸ, ಜರಾ ಹೊರಗ ನಿಂದ್ರವ್ವ," ಎಂದರು ಸುಂದರರಾಜರು.

"ಕಾಕಾ, ನಾ ರೊಟ್ಟಿ ಕೇಳಂಗಿಲ್ರಿ. ಅವ್ವನ್ನ ಹಿಡಕೊಂಡು ಕೂಡ್ತೇನಿ, ಅಷ್ಟ."

"ಕುಂಕುಮ ಹಚ್ಚಿದವರು ಭೋಜನದಾಗ ಕೂಡಂಗಿಲ್ಲ, ಕಮಿಟಿ ಮಾತು ಕಮಿಟಿ ಮಾತು. ಇದೇ ಕುಂಕುಮ ಬಿಟ್ಟದ್ದಕ್ಕ ನಮ್ಮಜ್ಜಗ ಊರ ಬಾವಿ ನೀರು ಬಂದ್ ಮಾಡಿದ್ರು, ಗೊತ್ತದನ? ಅದೆಲ್ಲಾ ಸುಳ್ಳಾಗಬೇಕೇನು?"

ಅವರ ಧ್ವನಿ ನಡುಗುತ್ತಿತ್ತು. ಅದು ಬರಿಯ ಹಟವಲ್ಲ. ಪಾಸ್ಟರ್ ನೆಲ ನೋಡಿದರು. ನಾನು... ನಾನು ಸಮಾಧಾನದ ಮನುಷ್ಯನಲ್ಲವೇ? "ಎರಡು ನಿಮಿಷ, ಜಾಯ್ಸ" ಎಂದೆ. ಆಕೆ ಎದ್ದ ಜಾಗದಲ್ಲಿ ದಿಂಬುಗಳನ್ನು ಪೇರಿಸಿದೆ. ಎರಡು ಸಾಲಲಿಲ್ಲ, ಮೂರನೆಯದನ್ನು ತಂದೆ. ಆನಂದಮ್ಮ ಒಂದು ಕಡೆ ವಾಲಿದರು. ರೊಟ್ಟಿ ತುಟಿಯ ಬಳಿ ಬಂದಾಗ ಬಾಯಿ ಮುಚ್ಚಿಬಿಟ್ಟರು.

ಪೆಟ್ಟಿಗೆ ತುಂಬಿದಂತೆಯೇ ವಾಪಸಾಯಿತು.

ಜನವರಿ 18, ಶನಿವಾರ

ಹಾಡಿನ ಪ್ರಾಕ್ಟೀಸ್. ಸುದ್ದಿ ನನಗಿಂತ ಮೊದಲೇ ತಲುಪಿತ್ತು.

"ಸರ್, ಔರಾದದಾಗ ನಿಮ್ದು ಪ್ರೀತಿ ಮ್ಯಾಲ ಭಾಷಣ ಅಂತಲ್ರಿ," ಎಂದ ಜಾಕ್ಸನ. "ದಿಂಬು ನಾವ ತರಬೇಕೋ, ನೀವ ತರ್ತೀರೋ?"

ಎಲ್ಲರೂ ನಕ್ಕರು. ಪರ್ಲ ಹಾಡಿನ ಪುಸ್ತಕದಿಂದ ಅವನ ತಲೆಗೆ ಹೊಡೆದಳು. "ಬಾಯಿ ಮುಚ್ಚೋ, ಹುಚ್ಚ." ಆಕೆಯೂ ನನ್ನ ಮುಖ ನೋಡಲಿಲ್ಲ.

ಗದರಬೇಕಿತ್ತು. ಆಗಲಿಲ್ಲ. ಈ ಹುಡುಗರ ಮೇಲೆ ನನಗೆ ಇನ್ನೂ ಬಹಳ ಭರವಸೆ... ಅವರಿಗೆ ನನ್ನ ಮೇಲೆ?

ಜನವರಿ 22, ಬುಧವಾರ. ಭಾಲ್ಕಿಯ ಬಸ್ಸಿನಲ್ಲಿ, ಹಿಂದಿರುಗುತ್ತ

ಸುಂದರರಾಜರೇ ಕಳಿಸಿದ್ದು. "ಒಂದು ತಾಸು ಕುಂಕುಮ ಅಳಿಸಿಕೊಂಡು ಬಂದರ ಸಾಕು ಅನ್ರಿ ಜಾಯ್ಸಗ. ನಿಮ್ಮ ಮಾತು ಕೇಳ್ತಾಳ." ಒಳ್ಳೆಯ ಉಪಾಯವೆಂದೇ ನನಗೂ ತೋರಿತು. ನಿಯಮವೂ ಉಳಿಯುತ್ತದೆ, ತಾಯಿಯ ಆಸೆಯೂ ತೀರುತ್ತದೆ.

ಜಾಯ್ಸಳ ಅತ್ತೆ ವತ್ಸಲಾಬಾಯಿ ಚಹಾ ಕೊಟ್ಟರು. ವಿಷಯ ಕೇಳಿ ತಮ್ಮ ಕಪ್ಪನ್ನು ಕೆಳಗಿಟ್ಟರು.

"ಮಾಸ್ತರ, ನಮ್ಮಲ್ಲಿ ಬರೀ ಹಣಿ ಅಂದರ ಏನು, ನಿಮಗ ಗೊತ್ತದ."

"ಗೊತ್ತದರಿ."

"ಗೊತ್ತಿದ್ದೂ ಕೇಳಾಕ ಬಂದೀರಿ."

ಆಕೆ ಸೊಸೆಯನ್ನು ಕರೆದರು. "ಇಲ್ಲಿ ಬಾ, ಪೋರಿ. ಶುಕ್ರವಾರ ಹೋಗುವಾಗ ಹಚ್ಚಬ್ಯಾಡ. ನಿಮ್ಮವ್ವ ಉಪವಾಸ ಹೋಗಬಾರದು. ದೇವರಿಗಿ ನಾ ಹೇಳ್ಕೋತೇನಿ." ಜಾಯ್ಸ ಅಳತೊಡಗಿದಳು. ವತ್ಸಲಾಬಾಯಿ ಮಗನ ಫೋಟೋ ಇದ್ದ ಗೋಡೆಯ ಕಡೆ ನೋಡಲಿಲ್ಲ.

ಬೀದರದ ಬಸ್ಸು ಹತ್ತಿದಾಗಿನಿಂದ ಒಂದೇ ಯೋಚನೆ. ಮಗನ ಜೀವಕ್ಕೆ ಹೆದರುತ್ತಲೇ ಆಕೆ ಒಪ್ಪಿಗೆ ಕೊಟ್ಟುಬಿಟ್ಟರು. ನಾವು ಏನು ಕೊಟ್ಟೆವು?

ಜನವರಿ 24, ಶುಕ್ರವಾರ

ಇದನ್ನು ಬರೆದಿಡಬೇಕು.

ಜಾಯ್ಸ ಬರಿಯ ಹಣೆಯಲ್ಲಿ ಬಾಗಿಲು ದಾಟಿದಳು. ಪಾಸ್ಟರ್ ಪೆಟ್ಟಿಗೆ ತೆರೆಯುತ್ತಿದ್ದರು. ಆನಂದಮ್ಮ ಕಣ್ಣು ಬಿಟ್ಟರು, ಮಗಳನ್ನು ಕಂಡರು... ಆ ಕೂಗು! ಆ ಮೈಯಲ್ಲಿ ಅಷ್ಟು ಶಕ್ತಿ ಎಲ್ಲಿತ್ತೋ.

"ಅತುಲಗ ಏನಾತು? ಯಾವಾಗಾತು? ನನಗ್ಯಾಕ ಹೇಳಲಿಲ್ಲ?"

ವಾರ್ಡುಗಳಲ್ಲಿ ಜೀವಮಾನ ಕಳೆದವರು. ಅಳಿಸಿದ ಹಣೆ ಎಂದರೆ ಏನೆಂದು ಎಷ್ಟೋ ಹೆಂಗಸರ ಮುಖದಲ್ಲಿ ಓದಿದವರು. ಮಗಳ ಹಣೆಯನ್ನೂ ಹಾಗೆಯೇ ಓದಿಯಾರೆಂದು ನಮ್ಮ ಯಾರ ತಲೆಗೂ ಹೊಳೆಯಲಿಲ್ಲ.

"ಅವರು ಆರಾಮ ಇದ್ದಾರವ್ವ! ಇವರು ಅಂದ್ರಂತ ಅಳಿಸೀನಿ," ಎಂದು ಜಾಯ್ಸ ತಬ್ಬಿಕೊಂಡಳು. ಅತುಲನಿಗೇ ಫೋನ್ ಹಚ್ಚಿ ಕಿವಿಗೆ ಹಿಡಿಯಬೇಕಾಯಿತು. ಅವನ ದನಿ ಕೇಳಿದ ಮೇಲೆ ಆನಂದಮ್ಮ ನಮ್ಮತ್ತ ತಿರುಗಿದರು. ಮೆಲ್ಲಗೆ ಹೇಳಿದರು.

"ಬದುಕಿರೋ ಹುಡುಗನ ಹೆಂಡತಿನ್ನ ಹೀಂಗ ಮಾಡಿ ನನಗ ರೊಟ್ಟಿ ಕೊಡ್ತೀರೇನ್ರಿ? ನಕೊ. ಮೊದಲ ಆಕಿಗಿ ಕುಂಕುಮ ತಂದು ಕೊಡ್ರಿ."

ಕ್ರೈಸ್ತರ ಮನೆ. ಕುಂಕುಮ ಎಲ್ಲಿಂದ? ನಾನೇ ಎದ್ದೆ. ಪಕ್ಕದ ಪುತಳಾಬಾಯಿಯ ಬಾಗಿಲು ತಟ್ಟಿದೆ. "ಏನ್ರಿ ಸರ್, ನೀವು ಕುಂಕುಮ ಕೇಳ್ತೀರಿ!" ಆಕೆ ನಗುತ್ತಲೇ ಭರಣಿ ಕೊಟ್ಟರು. ನನ್ನ ಮುಖ ಕಂಡು ನಗು ನಿಂತಿತು. ತಂದು ಜಾಯ್ಸಳ ಕೈಗಿತ್ತೆ. ಆಕೆ ಹಚ್ಚಿಕೊಂಡು ತಾಯಿಯ ಬೆನ್ನ ಹಿಂದೆ ಕುಳಿತಳು.

ಸುಂದರರಾಜರು ಚಪ್ಪಲಿ ಮೆಟ್ಟಿ ಹೊರಟುಹೋದರು. ಪಾಸ್ಟರ್ ರೊಟ್ಟಿ ಹಿಡಿದು ನಿಂತರು. ಆಮೇಲೆ ಅದನ್ನು ಒಳಗಿಟ್ಟರು. "ಕಮಿಟಿಗಿ ಕೇಳಿ ಬರ್ತೇನ್ರಿ ಅಮ್ಮ."

ಜನವರಿ 25, ಶನಿವಾರ

ಕಮಿಟಿ ಸೇರಲಿಲ್ಲ. ಫೋನಿನಲ್ಲಿ ಜಾಯ್ಸ: ನೀರೂ ಇಳಿಯುತ್ತಿಲ್ಲ.

ಜನವರಿ 26, ಭಾನುವಾರ. ಔರಾದ, ಮಧ್ಯಾಹ್ನ

ಶಾಮಿಯಾನದ ಹಿಂದೆ ಕುಳಿತು ಬರೆಯುತ್ತಿದ್ದೇನೆ. ಮುಂದಿನ ಸಾಲಿನಲ್ಲಿ ಸುಂದರರಾಜರು. ನಿನ್ನೆ ಪಾಪ ಅವರೂ ನಿದ್ದೆ ಮಾಡಿದಂತಿಲ್ಲ. ಜಾಕ್ಸನ ಪಕ್ಕಕ್ಕೆ ಬಂದ.

"ಸರ್, ಭಾಷಣ ಎಷ್ಟು ಹೊತ್ತು?"

"ಭಾಷಣ ಇಲ್ಲೋ. ಟೆಂಪೊದವನಿಗೆ ತಡೀ ಅನ್ನು."

ಒಂದು ಕ್ಷಣ ನನ್ನನ್ನೇ ನೋಡಿದ. ಓಡಿದ. ಪರ್ಲ ಆಗಲೇ ಹಾರ್ಮೋನಿಯಂ ಕಟ್ಟುತ್ತಿದ್ದಾಳೆ. ನಮ್ಮ ಜೊತೆ ಮೈಲೂರಿಗೆ ಬರುತ್ತೀರಾ ಎಂದು ಪಾಸ್ಟರರನ್ನೂ ಕೇಳಿದೆ. "ನೀವು ನಡೀರಿ" ಎಂದರಷ್ಟೆ. ಬರುತ್ತಾರೋ ಇಲ್ಲವೋ ತಿಳಿಯದು. ಪೆಟ್ಟಿಗೆ ಮಾತ್ರ ಅವರ ತೊಡೆಯ ಮೇಲಿದೆ.

ನನ್ನ ಹೆಸರು ಕೂಗಿದರು. ಸಭೆಗೆ ವಂದನೆ ಹೇಳುತ್ತೇನೆ. ಹಿರಿಯರಿಗೆ ಕೃತಜ್ಞತೆಯನ್ನೂ ಹೇಳುತ್ತೇನೆ, ಸುಂದರರಾಜರ ಅಜ್ಜನ ಹೆಸರು ಹಿಡಿದು. ಮುಂದಿನ ಸಾಲು ಈಗ ಸಿಕ್ಕಿದೆ. ಮಕ್ಕಳೇ, ಮೈಲೂರಿನಲ್ಲಿ ಒಬ್ಬ ತಾಯಿ ಹಸಿದಿದ್ದಾಳೆ. ಅವಳನ್ನು ಹಿಡಿದುಕೊಂಡ ಮಗಳ ಪಕ್ಕದಲ್ಲಿ ಜಾಗವಿದೆ. ಏಳಿ, ಈಗಲೇ—