ಒಂದು ಗಂಟೆ ಇಪ್ಪತ್ತು ನಿಮಿಷದ ಪ್ರಯಾಣ

ಆಸ್ಪತ್ರೆ, ಮೂರನೇ ಮಹಡಿ
ಮಂಗಳವಾರ, ೧೪ನೇ ತಾರೀಕು

ಪ್ರೀತಿಯ ತಮ್ಮನಿಗೆ,

ನೀನೂ ನಿನ್ನ ಹೆಂಡತಿಯೂ ಕ್ಷೇಮವೇ? ಅವಳ ಬೆನ್ನುನೋವು ಕಡಿಮೆಯಾಯಿತೇ? ಇಷ್ಟು ಕೇಳಿದ್ದು ಅಮ್ಮ ಕಲಿಸಿಹೋದ ಅಭ್ಯಾಸದಿಂದ. ಮನಸ್ಸಿನಲ್ಲಿರುವುದು ನಿನ್ನ ಮೇಲಿನ ಸಿಟ್ಟು ಮಾತ್ರ. ಫೋನಿನಲ್ಲಾದರೆ ನಡುವೆ ಬಾಯಿ ಹಾಕುತ್ತೀಯ, ಅದಕ್ಕೇ ಕಾಗದ ಬರೆಯುತ್ತಿದ್ದೇನೆ.

ನಿನ್ನ ಮನೆಯಿಂದ ವಿಮಾನದಲ್ಲಿ ಬಂದ ಅಪ್ಪನ ಎಡಗಾಲಿನಲ್ಲಿ ರಕ್ತ ಹೆಪ್ಪುಗಟ್ಟಿದೆ. ಊದಿದ ಕಾಲನ್ನು ಎರಡು ದಿಂಬಿನ ಮೇಲೆ ಏರಿಸಿ ಮಲಗಿಸಿದ್ದಾರೆ. ಜೀವಕ್ಕೆ ಅಪಾಯವಿಲ್ಲವೆಂದು ನಿನ್ನೆಯಷ್ಟೇ ಹೇಳಿದರು. ಅಲ್ಲಿಯವರೆಗೆ ನನ್ನ ಜೀವ ಬಾಯಿಗೆ ಬಂದಿತ್ತು. ಕಾಲಿನ ಆಪರೇಷನ್ ಮಾಡಿದ ಅಲ್ಲಿನ ಡಾಕ್ಟರು ನಿನಗೆ ಬಿಡಿಸಿ ಹೇಳಿದ್ದರಂತಲ್ಲ, ಎರಡು ಗಂಟೆಗಿಂತ ಹೆಚ್ಚು ಕೂರಬೇಕಾದರೆ ಮೊದಲೇ ಇಂಜೆಕ್ಷನ್ ಹಾಕಿಸಿ, ನಡುನಡುವೆ ಎದ್ದು ಓಡಾಡಲಿ ಎಂದು. ನೀನು ಟಿಕೆಟ್ಟು ನೋಡಿದೆ. ಹತ್ತಕ್ಕೆ ಹೊರಟು ಹನ್ನೊಂದು ಇಪ್ಪತ್ತಕ್ಕೆ ತಲುಪುತ್ತದೆ, ಬರೀ ಒಂದು ಗಂಟೆ ಇಪ್ಪತ್ತು ನಿಮಿಷ, ಇಂಜೆಕ್ಷನ್ ಯಾಕೆ ಎಂದೆ. ಹತ್ತು ಗಂಟೆ ನಿಮ್ಮೂರಿನದು, ಹನ್ನೊಂದು ಇಪ್ಪತ್ತು ನಮ್ಮೂರಿನದು ಕಣೋ. ನಮ್ಮ ಗಡಿಯಾರ ನಿಮ್ಮದಕ್ಕಿಂತ ಎರಡು ಗಂಟೆ ಹಿಂದೆ. ಎರಡು ಸಾವಿರದ ಮುನ್ನೂರು ಕಿಲೋಮೀಟರನ್ನು ಅಷ್ಟರಲ್ಲಿ ದಾಟಲು ಅಪ್ಪನನ್ನೇನು ರಾಕೆಟ್ಟಿನಲ್ಲಿ ಕೂರಿಸಿದ್ದೆಯಾ? ಹಿಡಿದದ್ದು ಮೂರು ಗಂಟೆ ಇಪ್ಪತ್ತು ನಿಮಿಷ. ಪ್ರಶ್ನೆಪತ್ರಿಕೆಯ ಹಿಂದಿನ ಪುಟ ತಿರುಗಿಸಿ ನೋಡದೆ ಪರೀಕ್ಷೆಯಿಂದ ಎದ್ದು ಬಂದಿದ್ದವನು ನೀನು, ಇನ್ನೂ ಹಾಗೇ ಇದ್ದೀಯ.

ತಪ್ಪು ಯಾರಿಂದಲಾದರೂ ಆಗುತ್ತದೆ. ನನಗೆ ಮೈಯುರಿಯುವುದು ಬೇರೆಯದಕ್ಕೆ. ಹೊರಡುವ ದಿನ ಅಪ್ಪ, 'ಎರಡು ಗಂಟೆ ವ್ಯತ್ಯಾಸ ಸೇರ್ಸಿದ್ಯೇನೋ?' ಎಂದು ಕೇಳಿದರಂತೆ. ನೀನು, 'ವಯಸ್ಸಾಯ್ತಪ್ಪ ನಿಮ್ಗೆ, ಲೆಕ್ಕ ತಪ್ಪುತ್ತೆ, ಸುಮ್ನೆ ಕೂತ್ಕೊಳ್ಳಿ' ಎಂದೆಯಂತೆ. ನಿನ್ನ ಹೆಂಡತಿಯೇ ಫೋನಿನಲ್ಲಿ ಅಳುತ್ತ ಹೇಳಿದಳು. ನಲವತ್ತು ವರ್ಷ ಊರಿನ ಗಡಿಯಾರಗಳನ್ನು ರಿಪೇರಿ ಮಾಡಿ ನಿನ್ನನ್ನು ಓದಿಸಿದ ಮನುಷ್ಯನಿಗೆ ಆಡುವ ಮಾತೇ ಅದು?

ಅವರು ಸುಮ್ಮನೆ ಕೂತರು. ವಿಮಾನ ಮೇಲೇರಿ ಒಂದು ಗಂಟೆಯಾಗುತ್ತಲೇ ಬೆಲ್ಟು ಬಿಗಿದುಕೊಂಡು, ಚೀಲ ತೊಡೆಯ ಮೇಲಿಟ್ಟುಕೊಂಡು, ಈಗ ಇಳಿಯುತ್ತದೆ, ಇನ್ನೇನು ಇಳಿಯುತ್ತದೆ ಎಂದು ಎರಡು ಗಂಟೆಗೂ ಹೆಚ್ಚು ಅಲ್ಲಾಡದೆ ಕೂತರು. ಗಗನಸಖಿ ನೀರು ತಂದರೆ, 'ಬೇಡಮ್ಮ, ಇಳಿಯೋ ಹೊತ್ತಾಯ್ತು' ಎಂದು ಕಳಿಸಿದರಂತೆ. ಮಗ ಹೇಳಿದ ಮೇಲೆ ಮುಗಿಯಿತು. ನಾನು ವಿಮಾನನಿಲ್ದಾಣದಲ್ಲಿ ನೋಡಿದಾಗ ಅವರಿಗೆ ಪಾದ ಊರಲು ಆಗುತ್ತಿರಲಿಲ್ಲ.

ಇಲ್ಲಿ ಹಗಲು ನಾನು, ರಾತ್ರಿ ನಿನ್ನ ಭಾವ ಇರುತ್ತೇವೆ. ನಿನ್ನ ಹೆಂಡತಿಗೆ ಬೆನ್ನಿಗೆ ಬಿಸಿನೀರಿನ ಶಾಖ ಬಿಡಬಾರದೆಂದು ಹೇಳು. ಎಷ್ಟು ಬೈದರೂ ನೀನು ನನ್ನ ತಮ್ಮನೇ, ಚೆನ್ನಾಗಿರು.

ನಿನ್ನ ಅಕ್ಕ

ತಾ.ಕ.: ಕೊರಿಯರ್‌ನವನು ಕಾಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಬೆಳಿಗ್ಗೆ ಪಕ್ಕದ ಹಾಸಿಗೆಯವರು, ನಿಂತುಹೋದ ತಮ್ಮ ಕೈಗಡಿಯಾರವನ್ನು ನೋಡಿ ಎಂದು ಕೊಟ್ಟರೆ ಅಪ್ಪ ಮುಟ್ಟಲಿಲ್ಲ. 'ನಂಗೀಗ ಲೆಕ್ಕ ತಪ್ಪುತ್ತೆ, ಬೇರೆಯವರಿಗೆ ತೋರ್ಸಿ' ಎಂದರು. ಅಂಗಡಿ ಮುಚ್ಚಿಬಿಡೋಣ ಎನ್ನುತ್ತಾರೆ. ಟಿಕೆಟ್ಟು ಮುಂದಿಟ್ಟು ವಿವರಿಸಿದೆ. 'ಅವ್ನು ತಪ್ಪು ಹೇಳಲ್ಲ, ನಾನೇ ಏನೋ ಗೊಂದಲ ಮಾಡ್ಕೊಂಡೆ' ಎಂದು ಗೋಡೆಯ ಕಡೆ ತಿರುಗಿದರು. ನನ್ನ ಮಾತು ಅವರಿಗೆ ಸಾಲದು. ಈ ಕಾಗದ ಸಿಕ್ಕ ದಿನವೇ ಹೊರಟು ಬಾ. ಹಾಸಿಗೆಯ ಪಕ್ಕ ನಿಂತು, ನೀವು ಹೇಳಿದ್ದೇ ಸರಿಯಿತ್ತು ಅಪ್ಪ, ತಪ್ಪಿದ್ದು ನಾನು ಎಂದು ನಿನ್ನ ಬಾಯಿಂದಲೇ ಹೇಳು.