ಹುತಾತ್ಮ ವೇಲಾಯುಧನ್ ಯಾರ ಕಡೆಯವನು?

ತೆಕ್ಕೇಕಡವು, ಆಲಪ್ಪುಳ
ಫೆಬ್ರವರಿ ೮, ಭಾನುವಾರ

ಪ್ರೀತಿಯ ಮಗಳು ರಜಿತಾ,

ನಿನ್ನ ಬೆನ್ನುನೋವು ಹೇಗಿದೆ? ಆಸ್ಪತ್ರೆಯಲ್ಲಿ ಕೆಲಸ ಮಾಡುವವಳಿಗೆ ನಾನು ಎಣ್ಣೆ ಹಚ್ಚಿಕೋ ಎಂದರೆ ನಗುತ್ತೀಯ. ನಗು, ಆದರೆ ಹಚ್ಚಿಕೋ. ಪಕ್ಕದ ಮನೆಯ ಷಾಹಿದಾ ರಜೆ ಮುಗಿಸಿ ನಾಳೆ ಮಸ್ಕತ್‌ಗೆ ವಿಮಾನ ಹತ್ತುತ್ತಾಳೆ, ಅವಳ ಚೀಲದಲ್ಲಿ ಎಣ್ಣೆ ಬಾಟಲಿ, ಬಾಳೆಕಾಯಿ ಚಿಪ್ಸು, ಮಾವಿನ ಮಿಡಿ ಉಪ್ಪಿನಕಾಯಿ ತುರುಕಿದ್ದೇನೆ. ಈ ಕಾಗದವೂ ಅದರೊಳಗೇ. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ಮಗಳು ಅಮೇಯ ಪಕ್ಕದಲ್ಲೇ ಕಿವಿಯಾಗಿ ಕೂತಿರುತ್ತಾಳೆ. ನನ್ನ ಮಂಡಿ ಹಾಗೇ ಇದೆ, ಕೇಳಬೇಡ.

ಒಂದು ತಿಂಗಳಿಂದ ಅವಳು ಫೋನಿನಲ್ಲಿ ಹಾಂ ಹೂಂ ಎಂದಷ್ಟೇ ಹೇಳಿ ನನಗೆ ಕೊಟ್ಟುಬಿಡುತ್ತಾಳೆ, ಏನಾಗಿದೆ ಅವಳಿಗೆ ಎಂದು ಕೇಳಿದ್ದೆಯಲ್ಲ. ಆಗಿರುವುದು ಇಷ್ಟು. ಜಿಲ್ಲೆಯ ಸ್ಥಳೀಯ ಚರಿತ್ರೆ ಸ್ಪರ್ಧೆಯಲ್ಲಿ ಅವಳಿಗೆ ಮೊದಲ ಬಹುಮಾನ ಬಂದಿತು, ನಮ್ಮ ದೋಣಿ ಕಡವಿನ ತೆಂಗಿನ ನಾರು ಕೆಲಸದ ಹೆಂಗಸರ ಮುಷ್ಕರದ ಬಗ್ಗೆ ಬರೆದ ಪ್ರಬಂಧಕ್ಕೆ. ಅದನ್ನು ನಿನಗೂ ಕಳಿಸಿದ್ದಳು. ಆ ಮುಷ್ಕರದಲ್ಲಿ ಹೆಂಗಸರ ರಕ್ಷಣೆಗೆ ಅಡ್ಡ ನಿಂತು, ಯಜಮಾನರ ಗೂಂಡಾಗಳ ಏಟಿಗೆ ನೀರಿನಲ್ಲೇ ಪ್ರಾಣಬಿಟ್ಟ ದೋಣಿಗಾರ ಕಡವಿಲ್ ವೇಲಾಯುಧನ್ ನೆನಪಿದ್ದಾನಲ್ಲ? ಓದಿ ನೀನೂ ಅತ್ತೆ, ನಾನೂ ಅತ್ತೆ. ನನ್ನಮ್ಮನೂ ಅದೇ ಮುಷ್ಕರದಲ್ಲಿದ್ದವಳು, ಇಂಥ ಸಂಗತಿಯನ್ನು ನನಗೊಂದು ಮಾತು ಹೇಳಲಿಲ್ಲವಲ್ಲ ಎಂದು ಸತ್ತವಳ ಮೇಲೆ ಎರಡು ದಿನ ಮುನಿಸಿಕೊಂಡೂ ಇದ್ದೆ.

ಆ ವೇಲಾಯುಧನ್ ಹುಟ್ಟೇ ಇರಲಿಲ್ಲ ಕಣೆ. ಶಾಲೆಯ ಕಂಪ್ಯೂಟರಿನಲ್ಲಿ ಎಐ ಅಂತ ಇದೆಯಲ್ಲ, ಅದನ್ನು ಇವಳು ಕೇಳಿದ್ದಾಳೆ, ಅದು ಅವನನ್ನು ಹುಟ್ಟಿಸಿ, ಕೈಗೆ ಹುಟ್ಟು ಕೊಟ್ಟು, ಸಾಯಿಸಿಯೂ ಬಿಟ್ಟಿದೆ. ಇವಳ ಮನಸ್ಸಿನಲ್ಲಿ ಮೋಸವಿರಲಿಲ್ಲ. ಯಾವುದೋ ಪುಸ್ತಕದಲ್ಲಿ ಓದಿಯೇ ಹೇಳಿರುತ್ತದೆ ಎಂದುಕೊಂಡಿದ್ದಳು.

ಇಷ್ಟಕ್ಕೇ ಮುಗಿದಿದ್ದರೆ ಮಕ್ಕಳ ತಪ್ಪು ಎನ್ನಬಹುದಿತ್ತು. ಆದರೆ ನಮ್ಮೂರಿನವರಿಗೆ ಒಬ್ಬ ಹುತಾತ್ಮ ಸಿಕ್ಕಿದರೆ ಸುಮ್ಮನಿರುತ್ತಾರೆಯೇ? ವಾಚನಾಲಯದ ಹುಡುಗರು ಮೂರೇ ದಿನದಲ್ಲಿ ಫ್ಲೆಕ್ಸ್ ಕಟ್ಟಿದರು. ಅದರ ಮೇಲೆ ದಪ್ಪ ಮೀಸೆಯ ಒಂದು ಮುಖ, ಅದನ್ನೂ ಎಐ ಕೈಲೇ ಬರೆಸಿದ್ದು. ಮಾರನೆಯ ದಿನ ವೇಲಾಯುಧನ್ ನಮ್ಮ ಪಕ್ಷದವನು ಎಂದು ಗೋಪಿನಾಥನ್ ಬಾವುಟ ನೆಟ್ಟ. ಸಂಜೆಯೊಳಗೆ ಎದುರು ಪಕ್ಷದ ವರ್ಗೀಸ್ ಬಂದು, "ನಮ್ಮ ಸಂಘದ ಮೊದಲನೇ ಸದಸ್ಯನ್ನ ಕದೀತೀರೇನ್ರೋ?" ಎಂದು ಜಗಳ ತೆಗೆದ. ಇಬ್ಬರೂ ಅಂಗಿ ಹಿಡಿದುಕೊಳ್ಳುವುದೊಂದು ಬಾಕಿ. ಮೇಲಿಂದ ಸೇಂದಿ ಅಂಗಡಿಯ ಮುದುಕ ಶಂಕುಣ್ಣಿ ಬೇರೆ, "ಅವನು ನಮ್ಮಜ್ಜನ ಖಾಸಾ ತಮ್ಮ, ಮೂಗು ನೋಡಿ, ನಂದೇ" ಎಂದು ಫ್ಲೆಕ್ಸ್ ಪಕ್ಕ ನಿಂತು ಫೋಟೋ ಹೊಡೆಸಿಕೊಂಡ. ಕಡೆಗೆ ಎರಡೂ ಪಕ್ಷದವರು ಸೇರಿ ಸ್ಮಾರಕ ಸ್ತಂಭಕ್ಕೆ ಕಲ್ಲು ಹಾಕುವುದೆಂದು ಸಭೆ ಗೊತ್ತುಮಾಡಿದರು. ಮೊದಲ ಮಾತು ಅಮೇಯಳದು.

ಸಭೆಗೆ ಮುಂಚೆ ಲಿಸಿ ಟೀಚರ್ ಅವಳನ್ನು ಕರೆದು ಕೇಳಿದ್ದು ಒಂದೇ ಪ್ರಶ್ನೆ: "ವೇಲಾಯುಧನ್ ವಿಷಯ ನಿನಗೆ ಯಾರಮ್ಮಾ ಹೇಳಿದ್ದು?" ಇವಳು ಕಂಪ್ಯೂಟರಿನ ಕಡೆ ಕೈ ತೋರಿಸಿದಳಂತೆ. ಇಬ್ಬರೂ ಕೂತು ಅದನ್ನೇ ಮತ್ತೆ ಕೇಳಿದರಂತೆ, ನಿನಗೆ ಇದು ಎಲ್ಲಿ ಸಿಕ್ಕಿತು ಎಂದು. ಕ್ಷಮಿಸಿ, ಇದಕ್ಕೆ ನನ್ನ ಬಳಿ ಆಧಾರವಿಲ್ಲ ಎಂದಿತಂತೆ. ಎಷ್ಟು ಮರ್ಯಾದಸ್ಥ ನೋಡು, ಕೊಂದ ಮೇಲೆ ಕ್ಷಮೆ ಕೇಳುತ್ತದೆ! ಹೆಡ್‌ಮಾಸ್ಟರ್ ಕಂಪ್ಯೂಟರ್ ಕೋಣೆಗೇ ಬೀಗ ಜಡಿಯುತ್ತೇನೆಂದು ಹಾರಾಡಿದರು. ಲಿಸಿ ಟೀಚರ್ ಬಿಡಲಿಲ್ಲ. "ಇಲ್ಲಿ ಬೀಗ ಹಾಕಿದ್ರೆ ಮನೇಲಿ ಕದ್ದು ಕೇಳ್ತಾರೆ ಸಾರ್. ನಮ್ಮ ಕಣ್ಣೆದುರಿಗೇ ಕೇಳ್ಲಿ, ಬಂದ ಉತ್ತರನ ನಂಬೋ ಮುಂಚೆ ಏನು ಮಾಡ್ಬೇಕು ಅಂತ ನಾವು ಕಲಿಸೋಣ. ಪ್ರಬಂಧ ತಿದ್ದಿದವಳು ನಾನು, ನಾನೂ ಕೇಳಲಿಲ್ಲವಲ್ಲ" ಎಂದರಂತೆ. ಆ ಹೆಂಗಸಿನ ಮೇಲೆ ನನಗೆ ಗೌರವ ಬಂದದ್ದು ಅಂದೇ.

ಬಹುಮಾನ ಹಿಂದಿರುಗಿಸಿ ಟೀಚರೇ ಕಾಗದ ಬರೆದರು. ಸಭೆಯಲ್ಲೂ ತಾನೇ ಹೇಳುತ್ತೇನೆಂದರು. ಇವಳು ಬೇಡ, ನಾನೇ ಹೇಳ್ತೀನಿ ಎಂದಳು. ಅದು ಹೇಗೋ ಗೋಪಿನಾಥನ್ ಕಿವಿಗೆ ಬಿದ್ದು ಮನೆಗೇ ಬಂದ. "ತಂಗಮಣಿ ಅಕ್ಕಾ, ಮಗೂಗೆ ಸ್ವಲ್ಪ ಬುದ್ಧಿ ಹೇಳಿ. ಕಲ್ಲು ಬಂದಾಗಿದೆ. ವೇಲಾಯುಧನ್ ಅಲ್ದಿದ್ರೆ ಇನ್ಯಾರೋ ಸತ್ತಿರ್ತಾರೆ ಬಿಡಿ" ಎಂದ. ಹಾಗಾದರೆ ನಿನ್ನ ಹೆಸರೇ ಕೆತ್ತಿಸಿಬಿಡೋ ಎಂದೆ. ಚಹಾ ಕುಡಿಯದೆ ಎದ್ದುಹೋದ.

ಸಭೆಯ ದಿನ ಕಡವಿನ ತುಂಬ ಜನ. ಅಮೇಯ ಮೈಕ್ ಹಿಡಿದು ಹೇಳಿದಳು: "ವೇಲಾಯುಧನ್ ಅನ್ನೋರು ಯಾರೂ ಇರ್ಲಿಲ್ಲ. ನಾನು ಎಐ ಕೇಳಿದೆ, ಅದು ಹೇಳಿತು, ಬರೆದೆ. ಇಲ್ಲಿರೋ ಅಜ್ಜಿಯರನ್ನ ಕೇಳ್ಬೇಕಿತ್ತು, ಕೇಳಲಿಲ್ಲ. ತಪ್ಪಾಯ್ತು." ಮುಂದಿನ ಸಾಲಿನಿಂದ ಶಂಕುಣ್ಣಿ, "ಹಾಗಾದ್ರೆ ನಮ್ಮಜ್ಜನ ತಮ್ಮ ಯಾರು?" ಎಂದ. ನಕ್ಕರು ನೋಡು ಜನ, ಬೆಂಚು ಮುರಿಯುವ ಹಾಗೆ. ನಗುವಿನಲ್ಲಿ ಸಿಟ್ಟೂ ಕರಗಿತು, ಎಲ್ಲರದ್ದಲ್ಲ, ಮುಕ್ಕಾಲುಪಾಲು. ಕಾಲು ಪಾಲಿನವರು ಇನ್ನೂ ದಾರಿಯಲ್ಲಿ ಇವಳನ್ನು "ಏನಮ್ಮಾ ವೇಲಾಯುಧಿ" ಎಂದು ಚುಡಾಯಿಸುತ್ತಾರೆ. ಅವರಿಗೆ ನಾನಿದ್ದೇನೆ.

ಈಗ ತರಗತಿಯ ಮಕ್ಕಳೇ ಕೂತು ಕಟ್ಟಳೆ ಮಾಡಿಕೊಂಡಿದ್ದಾರೆ. ಯಾರನ್ನು ಏನು ಕೇಳಬೇಕು ಎಂಬ ಪ್ರಶ್ನೆಗಳಿಗೆ ಎಐ ಸಹಾಯ ಪಡೆಯಬಹುದು, ಉತ್ತರ ಮಾತ್ರ ಊರಿನವರದ್ದೇ ಆಗಬೇಕು. ಕೇಳಿದ್ದನ್ನು ಇನ್ನೊಬ್ಬರ ಬಳಿ ತಾಳೆ ನೋಡದೆ ಬರೆಯುವ ಹಾಗಿಲ್ಲ. ಯಾರ ಫೋಟೋವನ್ನೂ ಮನೆಯ ಗುಟ್ಟನ್ನೂ ಅದಕ್ಕೆ ಕೊಡುವ ಹಾಗಿಲ್ಲ. ಎಲ್ಲಿ ಅದರ ನೆರವು ಪಡೆದರೋ ಅಲ್ಲಿ ಹಾಗೆಂದು ಬರೆಯಬೇಕು. ಶನಿವಾರ ಬಂತೆಂದರೆ ಮಕ್ಕಳ ಹಿಂಡು ನಾರು ಬಡಿದ ಮುದುಕಿಯರ ಜಗಲಿಗಳಲ್ಲಿ. ಮೊದಲು "ನಮ್ಮ ಕಥೆ ಯಾರಿಗೆ ಬೇಕು ಹೋಗಿ" ಎನ್ನುತ್ತಿದ್ದ ಕಾರ್ತ್ಯಾಯಿನಿ ಈಗ ಎಲೆಯಡಿಕೆ ಹಾಕಿಕೊಂಡು ಕಾಯುತ್ತಾಳೆ.

ನಿಜವಾಗಿ ನಡೆದದ್ದು ಏನು ಗೊತ್ತೇನೆ? ಮುಷ್ಕರದಲ್ಲಿ ಯಾರೂ ಸಾಯಲಿಲ್ಲ. ಹೆಂಗಸರು ಕೆಲಸ ಬಿಟ್ಟು ಕೂತದ್ದು, ಮಧ್ಯಾಹ್ನ ಮನೆಗೆ ಹೋಗಿ ಕೂಸಿಗೆ ಹಾಲೂಡಿಸಲು ಬಿಡುವು ಬೇಕೆಂದು. ಗೆದ್ದರು ಕೂಡ. ಕಾರ್ತ್ಯಾಯಿನಿಯೂ ಇನ್ನಿಬ್ಬರೂ ಬೇರೆಬೇರೆಯಾಗಿ ಅದನ್ನೇ ಹೇಳಿದರು. ಆ ಕೂಸುಗಳಲ್ಲಿ ನಾನೂ ಒಬ್ಬಳು. ಅಮೇಯ ಓಡಿಬಂದು ಇದನ್ನು ಹೇಳಿದಾಗ ನಾನು ಅವಳನ್ನು ತಬ್ಬಿಕೊಂಡು ಅತ್ತುಬಿಟ್ಟೆ. ಅಮ್ಮನ ಮೇಲಿನ ಮುನಿಸಿಗೆ ನಾಚಿಕೆಯಾಯಿತು.

ಹೊತ್ತಿಗೆ ಸರಿಯಾಗಿ ಉಣ್ಣು. ಷಾಹಿದಾಳ ಕೈಯಲ್ಲಿ ಖಾಲಿ ಬಾಟಲಿ ವಾಪಸು ಕಳಿಸು. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ಇಂತಿ ನಿನ್ನಮ್ಮ,
ತಂಗಮಣಿ

ಮರೆತೆ: ಇದೆಲ್ಲ ಅಮ್ಮನಿಗೆ ಹೇಳಬೇಡ ಎಂದು ಅಮೇಯ ನನ್ನಿಂದ ಆಣೆ ಹಾಕಿಸಿಕೊಂಡಿದ್ದಾಳೆ. ಆಸ್ಪತ್ರೆಯವರಿಗೆಲ್ಲ ನೀನು ಆ ಪ್ರಬಂಧ ತೋರಿಸಿ ಲಾಡು ಹಂಚಿದ್ದೆಯಂತೆ. ನಾನು ಆಣೆ ಮುರಿದೆ, ಪಾಪ ನನಗಿರಲಿ. ಕಾಗದ ಓದಿದ ಕೂಡಲೇ ಫೋನ್ ಮಾಡು, ಏನೂ ಗೊತ್ತಿಲ್ಲದವಳ ಹಾಗೆ ಅವಳ ಹತ್ತಿರವೇ ಕೇಳು, ಅವಳು ಹೇಳುವವರೆಗೆ ಫೋನ್ ಇಡಬೇಡ. ಊರಿನ ಎದುರು ಮೈಕ್ ಹಿಡಿದಾಗ ಅವಳು ಒಂದು ಹನಿ ಕಣ್ಣೀರು ಹಾಕಲಿಲ್ಲ ರಜಿತಾ. ಮನೆಗೆ ಬಂದು, "ಅಮ್ಮ ಇನ್ಮೇಲೆ ನಾನು ಹೇಳಿದ್ದನ್ನ ನಂಬ್ತಾಳಾ ಅಮ್ಮಮ್ಮಾ?" ಎಂದು ಕೇಳುವಾಗ ಅತ್ತಳು.