ಖಾಲಿ ಹೊಟ್ಟೆಯ ಗುಳಿಗೆ

ಮಾರ್ಚ್ ೧೨, ಭಾನುವಾರ

ಅಣ್ಣನಿಗೆ ನಮಸ್ಕಾರ.

ನಿನ್ನ ಎರಡು ಪತ್ರಗಳಿಗೂ ಉತ್ತರ ಬರೆಯಲಿಲ್ಲ, ಕ್ಷಮಿಸು. ಪುರುಸೊತ್ತಿರಲಿಲ್ಲ ಎನ್ನಬಹುದಿತ್ತು. ನಿಜ ಹೇಳಬೇಕೆಂದರೆ, ನಿನ್ನನ್ನು ಕಾಯಿಸುವುದರಲ್ಲಿ ಒಂದು ಸುಖವಿತ್ತು. ನನ್ನ ಕನ್ನಡಿ ಅಂಗಡಿ ಚೆನ್ನಾಗಿ ನಡೆಯುತ್ತಿದೆ. ನಿನ್ನ ಹಳೆಯ ಗಿರಾಕಿಗಳಲ್ಲಿ ಅರ್ಧ ಜನ ಈಗ ನನ್ನ ಬಳಿಯೇ ಗಾಜು ಕೊಯ್ಯಿಸಿಕೊಳ್ಳುತ್ತಾರೆ. ನಿನ್ನ ಹೊಟ್ಟೆ ಉರಿಯಲೆಂದೇ ಬರೆಯುತ್ತಿದ್ದೇನೆ.

ಮೊನ್ನೆ ಅತ್ತಿಗೆ ಬಂದಿದ್ದರು. "ನಿಮ್ಮಣ್ಣ ಕೂತಲ್ಲೇ ತೂಕಡಿಸ್ತಾರೆ ಕಣಪ್ಪಾ. ಊರೆಲ್ಲ ಸೆಕೆ ಅಂತಿದ್ರೆ ಇವರು ಸ್ವೆಟರ್ ಹಾಕ್ಕೊಂಡಿರ್ತಾರೆ. ಮುಖ ಊದಿದೆ, ದನಿ ಒಡೆದಿದೆ. ಅಳತೆ ತಪ್ಪಿ ಗಾಜೆಲ್ಲ ಹಾಳು ಮಾಡ್ತಿದಾರೆ. ನೀನೇ ವಾಪಸ್ ಬಂದು ಅಂಗಡಿ ನೋಡ್ಕೋ" ಎಂದರು.

ನನಗೆ ನಗು ತಡೆಯಲಾಗಲಿಲ್ಲ. ಪಾಪ, ಅವರು ಬೆಚ್ಚಿಬಿದ್ದರು.

ಅಣ್ಣಾ, ಇದೇ ಊದಿದ ಮುಖ, ಇದೇ ಸ್ವೆಟರ್ ನನ್ನದಾಗಿದ್ದಾಗ ಗಿರಾಕಿಗಳ ಮುಂದೆ ನೀನು ಏನೆನ್ನುತ್ತಿದ್ದೆ? "ಇವರು ನಮ್ಮ ಆಮೆರಾಯರು! ಇವತ್ತು ಅಳತೆ ತಗೊಂಡ್ರೆ ನಿಮ್ಮ ಮೊಮ್ಮಕ್ಕಳಿಗೆ ಕನ್ನಡಿ ಸಿಗುತ್ತೆ." ಅವರು ನಗುತ್ತಿದ್ದರು. ನಾನೂ ಹಲ್ಲು ಕಿರಿಯುತ್ತಿದ್ದೆನಲ್ಲ, ಅದು ಈಗಲೂ ಚುಚ್ಚುತ್ತದೆ. ದೊಡ್ಡ ಕನ್ನಡಿ ನನ್ನ ಜೋಮು ಹಿಡಿದ ಕೈಯಿಂದ ಜಾರಿ ಒಡೆದ ದಿನ, "ಮೈಗಳ್ಳನಿಗೆ ಔಷಧಿ ಇಲ್ಲ" ಎಂದು ನೀನು ಬಾಗಿಲು ತೋರಿಸಿದೆ.

ಔಷಧಿ ಇತ್ತು. ರಕ್ತ ಪರೀಕ್ಷೆ ಮಾಡಿಸಿದಾಗ ಥೈರಾಯ್ಡ್ ಸೊರಗಿದೆ ಎಂದು ಗೊತ್ತಾಯಿತು. ಮೊದಲ ಡಾಕ್ಟರು ಒಂದು ಸಣ್ಣ ಗುಳಿಗೆ ಬರೆದುಕೊಟ್ಟು ಕೈತೊಳೆದುಕೊಂಡರು. ವರ್ಷವಿಡೀ ನುಂಗಿದರೂ ನಾನು ಮುದ್ದೆಯಾಗಿಯೇ ಬಿದ್ದಿದ್ದೆ. ಎರಡನೆಯವರು ಬೆಂಕಿಯಂಥ ಹೆಂಗಸು.

"ಯಾವಾಗ ನುಂಗ್ತೀರಿ?"

"ಬೆಳಿಗ್ಗೆ, ಕಾಫಿ ಜೊತೆ."

"ಹಾಗಾದ್ರೆ ಅರ್ಧ ಔಷಧಿ ಕಾಫಿ ಪಾಲು. ಖಾಲಿ ಹೊಟ್ಟೇಲಿ, ಬರೀ ನೀರಲ್ಲಿ ನುಂಗಿ. ಆಮೇಲೆ ಒಂದು ಗಂಟೆ ಬಾಯಿ ಕಟ್ಟಿ. ಈ ಡೋಸೂ ಸಾಲಲ್ಲ."

ಡೋಸ್ ಏರಿಸಿದರು, ಅದು ಅತಿಯಾಯಿತು. ಎದೆ ಡವಡವ, ಕೈ ನಡುಕ, ಗಾಜಿನ ಮೇಲೆ ಗೆರೆ ಎಳೆದರೆ ಹಾವು ಹರಿದಂತೆ. ಸ್ವಲ್ಪ ಇಳಿಸಿದರು. ಪ್ರತಿ ಬದಲಾವಣೆಯ ನಂತರವೂ ಒಂದೂವರೆ ತಿಂಗಳು ಕಾದು ಮತ್ತೆ ರಕ್ತ ಕೊಡಬೇಕು. ನಾನು ಗೊಣಗಿದಾಗಲೆಲ್ಲ, "ಮೈ ಏನು ಸ್ವಿಚ್ಚೇನ್ರೀ, ಒತ್ತಿದ ತಕ್ಷಣ ಹತ್ತಿಕೊಳ್ಳೋಕೆ?" ಎಂದು ಗದರುತ್ತಿದ್ದರು. ಕೊನೆಗೊಂದು ಬೆಳಿಗ್ಗೆ ಗಾಜು ಒರೆಸುತ್ತಿದ್ದೆ. ಯಾರೋ ಸಿಳ್ಳೆ ಹಾಕುವುದು ಕೇಳಿ ತಿರುಗಿ ನೋಡಿದರೆ ಯಾರೂ ಇಲ್ಲ. ನಾನೇ!

ಅತ್ತಿಗೆಗೆ ಏನೂ ಹೇಳದೆ ಕಳಿಸಿಬಿಡೋಣವೆನಿಸಿತ್ತು. ನೀನೂ ಸ್ವಲ್ಪ ಕಾಲ ಮೈಗಳ್ಳನಾಗಿ ಕೊಳೆಯಬೇಕೆಂಬ ಆಸೆ. ಆದರೆ ಅದಕ್ಕಿಂತ ರುಚಿಯಾದ ಸೇಡು ಹೊಳೆಯಿತು. ಈ ಕಾಯಿಲೆ ಮನೆತನದಲ್ಲಿ ಹರಿದುಬರುತ್ತದಂತೆ. ಹೋಗಿ ರಕ್ತ ಪರೀಕ್ಷೆ ಮಾಡಿಸು. ಆ ಡಾಕ್ಟರಮ್ಮನ ಬಳಿಯೇ ಹೋಗು, ನಿನ್ನ ಗುಣಗಾನವೆಲ್ಲ ಅವರ ಮುಂದೆ ಆಗಿದೆ. ನನ್ನ ಊಹೆ ನಿಜವಾದರೆ, ಬದುಕಿರುವಷ್ಟು ದಿನ ಬೆಳಿಗ್ಗೆ ಎದ್ದ ಕೂಡಲೇ, ನಾಲಗೆಗೆ ಕಾಫಿಯ ರುಚಿ ತಾಕುವ ಮೊದಲು, ನಿನಗೆ ನನ್ನ ನೆನಪಾಗುತ್ತದೆ. ಅಷ್ಟು ಸಾಕು ನನಗೆ.

ಅಂಗಡಿಗೆ ನಾನು ಬರುವುದಿಲ್ಲ. ಅಣ್ಣನನ್ನು ಹರಸುವ ವಯಸ್ಸು ನನ್ನದಲ್ಲ, ಆದರೂ ಹರಸುತ್ತೇನೆ. ನೂರು ವರ್ಷ ಬಾಳು. ಒಂದು ದಿನವೂ ತಪ್ಪಿಸದೆ ನುಂಗು.

ಇಂತಿ,
ನಿನ್ನ ತಮ್ಮ

ತಾ.ಕ.: ಹೊರಡುವಾಗ ಅತ್ತಿಗೆ ಹೊಸ್ತಿಲಲ್ಲಿ ನಿಂತು ಅತ್ತರು. ಅಪ್ಪ ತೀರಿಹೋದ ಮಧ್ಯಾಹ್ನ ಕೇಳಿದ್ದು ನನ್ನನ್ನಂತೆ. "ಚಿಕ್ಕವನನ್ನ ಕರಿ" ಎಂದರಂತೆ. ನೀನು, "ಅವನು ಬಿದ್ಕೊಂಡಿದಾನೆ, ಎಬ್ಬಿಸಿದ್ರೂ ಏಳಲ್ಲ" ಎಂದೆಯಂತೆ. ಅಣ್ಣಾ, ಪಕ್ಕದ ಕೋಣೆಯಲ್ಲಿ ನಾನು ಎಚ್ಚರವಾಗಿಯೇ ಇದ್ದೆ. ನೀನು ಒಮ್ಮೆಯೂ ಕರೆಯಲಿಲ್ಲ.